ಗಂಡ ಬಿಟ್ಟವಳು, ಗಂಡನನ್ನು ಬಿಟ್ಟವಳು: ದಾಂಪತ್ಯ ಮತ್ತು ಬಿಡುಗಡೆಯ ಕಥೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ತಿಂಗಳಿಗೊಮ್ಮೆ ನಾವು ಹತ್ತು ಹನ್ನೆರಡು ಮಂದಿ ಒಬ್ಬರ ಮನೆಯ ಜಗಲಿಯಲ್ಲಿ ಕೂತು ಓದುತ್ತೇವೆ. ಒಂದು ಇಡೀ ವರ್ಷ ಒಂದೇ ವಿಷಯವನ್ನು ಹಿಡಿದುಕೊಂಡಿದ್ದೆವು: ಮದುವೆಯೊಳಗೆ ಉಸಿರು ಕಟ್ಟಿದ ಹೆಣ್ಣು ಮತ್ತು ಅವಳ ಬಿಡುಗಡೆಯ ಹಂಬಲ. ಆಗ ಎದ್ದ ಪ್ರಶ್ನೆಗಳು ಹೊಸದಾಗಿ ಬಂದವರ ಬಾಯಲ್ಲೂ ಮತ್ತೆ ಮತ್ತೆ ಬರುತ್ತಿರುವುದರಿಂದ ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ. ಕಥೆಗಳ ಕೊನೆಯನ್ನು ಮುಚ್ಚಿಡದೆ ಹೇಳಿದ್ದೇನೆ, ಅದನ್ನು ತಿಳಿಯಲು ಇಷ್ಟವಿಲ್ಲದವರು ಮೊದಲು ಪುಸ್ತಕ ಓದಿ ಬನ್ನಿ.

ಶೀರ್ಷಿಕೆಯಲ್ಲಿ ಒಂದೇ ಮಾತನ್ನು ಎರಡು ಸಲ ಏಕೆ ಹೇಳಿದ್ದೀರಿ?

ಒಂದೇ ಮಾತಲ್ಲ. ಊರಿನ ಬಾಯಲ್ಲಿ ಇರುವುದು ಮೊದಲನೆಯದು ಮಾತ್ರ. ‘ಗಂಡ ಬಿಟ್ಟವಳು’ ಎಂದರೆ ಗಂಡ ಅವಳನ್ನು ಬಿಟ್ಟನೋ, ಅವಳೇ ಗಂಡನನ್ನು ಬಿಟ್ಟಳೋ? ಆಡುವಾಗ ವಿಭಕ್ತಿ ಪ್ರತ್ಯಯ ಜಾರಿಹೋಗುವುದರಿಂದ ಎರಡು ಅರ್ಥವೂ ಹೊರಡುತ್ತದೆ. ಯಾವುದು ಸರಿ ಎಂದು ಕೇಳುವ ಗೊಡವೆಗೆ ಊರು ಹೋಗುವುದಿಲ್ಲ. ಯಾರು ಬಿಟ್ಟರೂ ಹೆಸರು ಅಂಟುವುದು ಅವಳಿಗೇ. ನಾವು ಓದಿದ ಒಳ್ಳೆಯ ಕಥೆಗಳೆಲ್ಲ, ಆ ಕಳೆದುಹೋದ ‘ಅನ್ನು’ ಪ್ರತ್ಯಯವನ್ನು ಹುಡುಕಿ ತಂದು ಅದರ ಜಾಗದಲ್ಲಿ ಕೂರಿಸುವ ಪ್ರಯತ್ನಗಳಂತೆ ನನಗೆ ಕಂಡಿವೆ.

‘ಬಿಡುಗಡೆ’ ಎಂಬ ಪದದ ಅವಸ್ಥೆಯೂ ವಿಚಿತ್ರವೇ. ಕೈದಿಗೆ ಬಿಡುಗಡೆ, ಸಿನಿಮಾಕ್ಕೆ ಬಿಡುಗಡೆ, ಪುಸ್ತಕಕ್ಕಂತೂ ಹಾರ ಶಾಲುಗಳ ಸಮೇತ ಬಿಡುಗಡೆ. ಹೆಂಡತಿಗೆ ಮಾತ್ರ ‘ವಿಚ್ಛೇದನ’ ಎಂಬ ಕೋರ್ಟಿನ ಪದ.

ಇದೆಲ್ಲ ಪಶ್ಚಿಮದಿಂದ ಬಂದ ವಿಚಾರವಲ್ಲವೇ?

ಈ ಪ್ರಶ್ನೆಯನ್ನು ಕೇಳದ ಗಂಡಸರು ನಮ್ಮ ಜಗಲಿಗೆ ಬಂದದ್ದೇ ಇಲ್ಲ. ಇಬ್ಸೆನ್‌ನ ‘ಎ ಡಾಲ್ಸ್ ಹೌಸ್’ ನಾಟಕ 1879ರ ಡಿಸೆಂಬರ್‌ನಲ್ಲಿ ಕೋಪನ್‌ಹೇಗನ್‌ನಲ್ಲಿ ರಂಗಕ್ಕೆ ಬಂದಿತು. ಗಂಡನನ್ನೂ ಮಕ್ಕಳನ್ನೂ ಬಿಟ್ಟು ನೋರಾ ಹೊರಟಾಗ ಬಾಗಿಲು ಮುಚ್ಚಿಕೊಳ್ಳುವ ಸದ್ದಿಗೆ ಯೂರೋಪ್ ಬೆಚ್ಚಿಬಿದ್ದದ್ದು ನಿಜ. ಎಷ್ಟು ಬೆಚ್ಚಿತೆಂದರೆ, ಜರ್ಮನಿಯ ರಂಗಭೂಮಿಗಾಗಿ ಇಬ್ಸೆನ್ ಇನ್ನೊಂದು ಮುಕ್ತಾಯವನ್ನು ಬರೆದುಕೊಡಬೇಕಾಯಿತು. ಅದರಲ್ಲಿ ಮಕ್ಕಳ ಮುಖ ನೋಡಿ ನೋರಾ ಉಳಿದುಬಿಡುತ್ತಾಳೆ. ಬರೆದ ಆ ಕೈಗೆ ಅದರಷ್ಟು ಬೇಸರದ ಕೆಲಸ ಬೇರೆ ಇರಲಿಲ್ಲ.

ಆದರೆ ಕನ್ನಡದ ನೆಲದಲ್ಲಿ ಬಾಗಿಲು ದಾಟಿದ ಹೆಣ್ಣಿಗೆ 800 ವರ್ಷಕ್ಕೂ ಮೀರಿದ ವಯಸ್ಸು. ‘ಈ ಸಾವ ಕೆಡುವ ಗಂಡರನೊಯ್ದು ಒಲೆಯೊಳಗಿಕ್ಕು ತಾಯೆ’ ಎಂದ ಅಕ್ಕ ಮಹಾದೇವಿಗೆ ಯಾವ ಹಡಗೂ ವಿಚಾರವನ್ನು ಹೊತ್ತು ತಂದುಕೊಟ್ಟಿರಲಿಲ್ಲ. ಒಲೆ ಅಡುಗೆಮನೆಯದು, ಹೆಂಗಸಿನ ಕೈಯದು. ಗಂಡಂದಿರನ್ನು ಹಾಕಲು ಅವಳಿಗೆ ಹೊಳೆದ ಜಾಗ ಅದೇ. ತುಳುನಾಡಿನ ಸಿರಿಯ ಕಥೆಯಂತೂ ಓದುಬರಹವೇ ಇಲ್ಲದ ಬಾಯಿಗಳಲ್ಲಿ ಉಳಿದು ಬಂದದ್ದು.

ಸಿರಿ ಯಾರು? ಪಠ್ಯಪುಸ್ತಕದಲ್ಲಿ ನಮಗೆ ಸಿಕ್ಕಿರಲಿಲ್ಲ.

ಸಿಗದಿದ್ದದ್ದು ಪಠ್ಯಪುಸ್ತಕದ ನಷ್ಟ. ಸಿರಿ ತುಳುವರ ಪಾಡ್ದನದ, ಎಂದರೆ ಬಾಯಿಂದ ಬಾಯಿಗೆ ಹಾಡಿ ಬಂದ ಕಥನಗೀತೆಯ, ನಾಯಕಿ. ಸತ್ಯನಾಪುರದ ಬೆರ್ಮು ಆಳ್ವನ ಮನೆಯಲ್ಲಿ ಬೆಳೆದವಳು, ಬಸರೂರಿನ ಕಾಂತು ಪೂಂಜನ ಕೈಹಿಡಿದವಳು. ಚೊಚ್ಚಲ ಬಸುರಿಯ ಬಯಕೆ ಶಾಸ್ತ್ರಕ್ಕೆಂದು ಗಂಡ ಸೀರೆ ಕೊಂಡು ತರುತ್ತಾನೆ, ದಾರಿಯಲ್ಲಿ ಸೂಳೆ ಸಿದ್ದುವಿನ ಮನೆಗೆ ಹೋಗುತ್ತಾನೆ. ಆ ಸೀರೆಯನ್ನು ಅವಳು ಉಟ್ಟು ಬಿಚ್ಚಿ ಮತ್ತೆ ಮಡಿಸಿ ಕೊಡುತ್ತಾಳೆ. ತುಂಬಿದ ಸಭೆಯಲ್ಲಿ ಸಿರಿ ಆ ಸೀರೆಯನ್ನು ಮುಟ್ಟಲು ಒಪ್ಪುವುದಿಲ್ಲ.

ನಮ್ಮ ಕೂಟದಲ್ಲಿ ಒಂದು ಸಂಜೆ ಪೂರ್ತಿ ಈ ಸೀರೆಗೇ ಹೋಯಿತು. ಹೊಡೆತವಿಲ್ಲ, ಬೈಗುಳವಿಲ್ಲ, ಅನ್ನಕ್ಕೆ ಕೊರತೆಯಿಲ್ಲ, ಇರುವುದು ಒಂದು ಸೀರೆಯ ಮಡಿಕೆ ಮಾತ್ರ. ‘ಅಷ್ಟಕ್ಕೇ ಗಂಡನನ್ನು ಬಿಡುವುದೇ?’ ಎಂದು ಒಬ್ಬರು ಕೇಳಿದರು. ಅವರ ಪಕ್ಕದಲ್ಲಿದ್ದ, ಎಪ್ಪತ್ತು ದಾಟಿದ ಹಿರಿಯರೊಬ್ಬರು, ‘ಸೀರೆಯ ಮಡಿಕೆ ನೋಡಿದರೆ ಗೊತ್ತಾಗುತ್ತದಮ್ಮ’ ಎಂದಷ್ಟೇ ಹೇಳಿ ಸುಮ್ಮನಾದರು. ಮುಂದೆ ಯಾರೂ ಆ ಮಾತೆತ್ತಲಿಲ್ಲ.

ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಅಜ್ಜನ ಮನೆಯ ಹಕ್ಕಿನ ಪ್ರಶ್ನೆ ಬಂದಾಗಲೂ ಗಂಡ ಅವಳ ಪರವಾಗಿ ನಿಲ್ಲುವುದಿಲ್ಲ. ಸಿರಿ ಎಲ್ಲರೆದುರು ಸಂಬಂಧ ಹರಿದುಕೊಂಡು, ಕೂಸನ್ನು ಎತ್ತಿಕೊಂಡು ಹೊರಡುತ್ತಾಳೆ. ಮುಂದೆ ಇನ್ನೊಂದು ಮದುವೆಯೂ ಆಗುತ್ತದೆ. ಇದು ಸಾಧ್ಯವಾದದ್ದರ ಹಿಂದೆ ಅಳಿಯಕಟ್ಟಿನ ಪದ್ಧತಿಯ ಬಲವಿದೆ. ಮನೆ ಮತ್ತು ಭೂಮಿ ತಾಯಿಯ ಕಡೆಯಿಂದ ಇಳಿಯುವ ಸಮಾಜದಲ್ಲಿ ಹೆಣ್ಣಿನ ಕಾಲ ಕೆಳಗೆ ಸ್ವಲ್ಪವಾದರೂ ಸ್ವಂತ ನೆಲವಿರುತ್ತದೆ.

ಗೋಪಾಲ ನಾಯ್ಕರು ಹಾಡಿದ ಸಿರಿ ಮಹಾಕಾವ್ಯವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹೋಂಕೊ ಮತ್ತು ಅವರ ತುಳುನಾಡಿನ ಸಂಗಡಿಗರು ದಾಖಲಿಸಿದರು. 1998ರಲ್ಲಿ ಅಚ್ಚಾದ ಆ ಪಾಠದಲ್ಲಿ 15,683 ಸಾಲುಗಳಿವೆ. ಇಂದಿಗೂ ಸಿರಿ ಜಾತ್ರೆಗಳಲ್ಲಿ ಹೆಂಗಸರ ಮೈಮೇಲೆ ಸಿರಿ ಬರುತ್ತಾಳೆ. ಮನೆಯಲ್ಲಿ ಬಾಯಿ ಬಿಡದವರು ಅಲ್ಲಿ ಮಾತನಾಡುತ್ತಾರೆ, ಗಂಡನ ಮನೆಯವರು ಕೈಕಟ್ಟಿ ಕೇಳಿಸಿಕೊಳ್ಳುತ್ತಾರೆ.

ಅಕ್ಕ ಮಹಾದೇವಿಗೆ ಮದುವೆ ಆಗಿತ್ತೇ, ಇಲ್ಲವೇ?

ಯಾರನ್ನು ಕೇಳುತ್ತೀರಿ ಎಂಬುದರ ಮೇಲಿದೆ. ಹರಿಹರನ ರಗಳೆಯಲ್ಲಿ ಕೌಶಿಕನೊಡನೆ ಮದುವೆ ನಡೆಯುತ್ತದೆ. ಷರತ್ತು ಹಾಕಿಯೇ ಅವಳು ಅರಮನೆಗೆ ಹೋಗುತ್ತಾಳೆ, ಅವನು ಮಾತು ಮುರಿದಾಗ ಉಟ್ಟದ್ದನ್ನೂ ಬಿಟ್ಟು ಹೊರಡುತ್ತಾಳೆ. 15ನೆಯ ಶತಮಾನದ ಚಾಮರಸನಿಗೆ ಇದು ಸರಿಬೀಳಲಿಲ್ಲ. ಅವನ ‘ಪ್ರಭುಲಿಂಗಲೀಲೆ’ಯಲ್ಲಿ ಮದುವೆಯೇ ಇಲ್ಲ. ನಂತರದ ವಿದ್ವಾಂಸರೂ ಈ ಜಗಳವನ್ನು ಬಿಟ್ಟುಕೊಟ್ಟಿಲ್ಲ. ಗಂಡನನ್ನು ಬಿಟ್ಟವಳು ಶರಣೆಯಾಗಬಹುದೇ ಎಂಬ ಮುಜುಗರ ಈ ವಾದದ ತಳದಲ್ಲಿದೆ ಎಂದು ನನ್ನ ಗುಮಾನಿ. ಅವಳ ವಚನಕ್ಕಂತೂ ಮುಜುಗರವಿಲ್ಲ: ‘ಒಳಗಣ ಗಂಡನಯ್ಯಾ, ಹೊರಗಣ ಮಿಂಡನಯ್ಯಾ, ಎರಡನೂ ನಡೆಸಲು ಬಾರದಯ್ಯಾ.’ ಸಂಸಾರಸ್ಥ ಹೆಂಗಸು ಬಾಯಲ್ಲಿ ತರಬಾರದ ಪದವನ್ನೇ ಎತ್ತಿಕೊಂಡು ದೇವರ ಮಾತಾಡುತ್ತಾಳೆ.

ಅವಳು ಹೋದದ್ದು ಎಲ್ಲಿಗೆ? ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ. 1914ರಲ್ಲಿ ಟಾಗೋರರು ಬರೆದ ‘ಸ್ತ್ರೀರ ಪತ್ರ’ ಎಂಬ ಬಂಗಾಳಿ ಕಥೆಯ ಮೃಣಾಲ್ ಗಂಡನಿಗೆ ‘ಇನ್ನು ಬರುವುದಿಲ್ಲ’ ಎಂದು ಕಾಗದ ಬರೆಯುವುದು ಪುರಿಯಿಂದ. ಮನೆ ಬಿಟ್ಟ ಹೆಣ್ಣು ಕಲ್ಲೇಟು ತಿನ್ನದೆ ನಡೆಯಬಹುದಾಗಿದ್ದ ದಾರಿ ತೀರ್ಥಯಾತ್ರೆಯದೊಂದೇ.

ಈ ಕಥೆಗಳಲ್ಲಿ ತವರುಮನೆ ಏಕೆ ಇಷ್ಟು ಬರುತ್ತದೆ?

ನಮ್ಮಲ್ಲಿ ಕಷ್ಟದ ಪ್ರಶ್ನೆ ‘ದಾಟಿದಳೇ’ ಎಂಬುದಲ್ಲ, ‘ದಾಟಿ ಎಲ್ಲಿಗೆ’ ಎಂಬುದು. ನೋರಾ ಎಲ್ಲಿಗೆ ಹೋದಳೆಂದು ಇಬ್ಸೆನ್ ತೋರಿಸುವುದಿಲ್ಲ, ಬಾಗಿಲ ಸದ್ದಿಗೆ ಪರದೆ ಬಿಡುತ್ತಾನೆ. ಕನ್ನಡದ ಕಥೆ ಅಲ್ಲಿಂದ ಶುರುವಾಗುತ್ತದೆ, ಅವಳು ಬಸ್ಸಿನಿಂದ ಇಳಿದು ಅಣ್ಣನ ಮನೆಯ ಕದ ತಟ್ಟಿದಾಗ.

‘ಕೆರೆಗೆ ಹಾರ’ ಎಂಬ ಜನಪದ ಕಥನಗೀತೆಯನ್ನು ನಾವೆಲ್ಲ ಶಾಲೆಯಲ್ಲಿ ತ್ಯಾಗದ ಕಥೆಯೆಂದು ಕಲಿತೆವು. ಕೆರೆಯಲ್ಲಿ ನೀರು ನಿಲ್ಲಲಿಲ್ಲ, ಮಲ್ಲನಗೌಡನ ಕಿರಿಸೊಸೆ ಭಾಗೀರತಿಯನ್ನು ಬಲಿ ಕೊಡಬೇಕೆಂದು ತೀರ್ಮಾನವಾಯಿತು. ಅವಳು ತವರಿಗೆ ಓಡುತ್ತಾಳೆ. ಬಾಡಿದ ಮುಖವನ್ನು ಕಂಡು ಅಪ್ಪ ಕಾರಣ ಕೇಳುತ್ತಾನೆ. ‘ಅತ್ತೆ ಮಾವ ನಮ್ಮನ್ನು ಬೇರೆ ಇಡುತ್ತಾರಂತೆ’ ಎಂದು ಮಗಳು ಸುಳ್ಳಾಡುತ್ತಾಳೆ. ಇಟ್ಟರೆ ಇಡಲಿ, ಹೊಲ ಮನೆ ಕೊಡಿಸುತ್ತೇನೆ ಎನ್ನುತ್ತಾನೆ ಅಪ್ಪ. ಹೊಲ ಕೊಡಬಲ್ಲ ಅಪ್ಪನಿಗೂ ಮಗಳು ಸಾವಿನ ಮಾತು ಹೇಳಲಾರಳು. ನಿಜವನ್ನು ಹೇಳುವುದು ಗೆಳತಿಯೊಬ್ಬಳಿಗೆ ಮಾತ್ರ. ಇದು ತ್ಯಾಗದ ಹಾಡು ಎನ್ನುವವರು ಈ ಭಾಗವನ್ನು ಇನ್ನೊಮ್ಮೆ ಓದಬೇಕು.

ಇದರ ಪಕ್ಕದಲ್ಲಿ ಬಾನು ಮುಷ್ತಾಕ್ ಅವರ ‘ಎದೆಯ ಹಣತೆ’ಯನ್ನು ಇಡಿ. ಗಂಡ ಬೇರೆ ಹೆಣ್ಣಿನ ಬೆನ್ನು ಹತ್ತಿದ್ದಾನೆಂದು ಮೆಹರುನ್ ಕಂಕುಳಲ್ಲಿ ಕೂಸಿನೊಂದಿಗೆ ತವರಿಗೆ ಬರುತ್ತಾಳೆ. ಅಣ್ಣಂದಿರಿಗೆ ಅವಳ ನೋವಿಗಿಂತ ಮನೆತನದ ಮಾನದ ಚಿಂತೆ ಹೆಚ್ಚು. ಹೀಗೆ ಬರುವುದಕ್ಕಿಂತ ಸುಟ್ಟುಕೊಂಡಿದ್ದರೆ ವಾಸಿಯಿತ್ತು ಎಂಬ ಧಾಟಿಯ ಮಾತೂ ಬರುತ್ತದೆ. ಅವರೇ ಕರೆದೊಯ್ದು ಗಂಡನ ಮನೆಗೆ ಬಿಟ್ಟು ಬರುತ್ತಾರೆ. ರಾತ್ರಿ ಸೀಮೆಎಣ್ಣೆ ಸುರಿದುಕೊಂಡ ಅವಳನ್ನು ತಡೆಯುವುದು ಹಿರಿಯ ಮಗಳು. ‘ಹೆಣ್ಣಿನ ಜನುಮಕೆ ಅಣ್ಣತಮ್ಮರು ಬೇಕು, ಬೆನ್ನು ಕಟ್ಟುವರು ಸಭೆಯೊಳಗೆ’ ಎಂದು ಹಾಡಿದ ನಾಡು ನಮ್ಮದು. ಆ ತ್ರಿಪದಿಗೆ ಮೆಹರುನ್ ಕೊಟ್ಟ ಉತ್ತರವೇ ಈ ಕಥೆ ಎಂದು ಓದಿದೆ ನಾನು. ದೀಪಾ ಭಾಸ್ತಿ ಅವರು ಇಂಗ್ಲಿಷಿಗೆ ತಂದ ಸಂಕಲನಕ್ಕೆ ಈ ಕಥೆಯದೇ ಹೆಸರು. 2025ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಅದಕ್ಕೆ ಬಂದದ್ದು ಎಲ್ಲರಿಗೂ ಗೊತ್ತು.

ತವರಿನಲ್ಲಿ ಮಗಳಿಗೆ ಪಾಲು ಇದ್ದಿದ್ದರೆ ಈ ಕಥೆಗಳು ಬೇರೆಯಾಗುತ್ತಿದ್ದವು. ಕರ್ನಾಟಕದಲ್ಲಿ ಹಿಂದೂ ಹೆಣ್ಣುಮಕ್ಕಳಿಗೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಗಂಡುಮಕ್ಕಳಂತೆ ಹುಟ್ಟಿನಿಂದ ಹಕ್ಕು ಕೊಟ್ಟ ತಿದ್ದುಪಡಿ ಜಾರಿಯಾದದ್ದು 1994ರಲ್ಲಿ, ಇಡೀ ದೇಶಕ್ಕೆ ಅದು ಬಂದದ್ದು 2005ರಲ್ಲಿ. ಹಕ್ಕುಬಿಡುಗಡೆ ಪತ್ರಕ್ಕೆ ಅಕ್ಕತಂಗಿಯರ ರುಜು ಹಾಕಿಸಿಕೊಳ್ಳುವ ವಿದ್ಯೆಯೂ ಅದರ ಬೆನ್ನಿಗೇ ಬೆಳೆಯಿತು. ನೋಡಿ, ಅಲ್ಲಿಯೂ ‘ಬಿಡುಗಡೆ’ ಇದೆ.

ವಿಚ್ಛೇದನ ಪಡೆದರೆ ಆಗುತ್ತಿರಲಿಲ್ಲವೇ?

ಹಳೆಯ ಕಾದಂಬರಿಯ ನಾಯಕಿಯ ಮೇಲೆ ಸಿಡುಕುವ ಮೊದಲು ಇಸವಿ ನೋಡಿಕೊಳ್ಳಿ. ಹಿಂದೂ ವಿವಾಹ ಕಾಯ್ದೆ ಬಂದದ್ದು 1955ರಲ್ಲಿ. ಇಬ್ಬರೂ ಒಪ್ಪಿ ಬೇರೆಯಾಗುವ ಅವಕಾಶ ಅದಕ್ಕೆ ಸೇರಿದ್ದು 1976ರಲ್ಲಿ. ಮುಸ್ಲಿಂ ಹೆಣ್ಣು ನ್ಯಾಯಾಲಯದಲ್ಲಿ ಬಿಡುಗಡೆ ಕೇಳುವ ಕಾಯ್ದೆ 1939ರದು. ಇನ್ನೊಂದು ಮಾತು: ‘ಹಿಂದಿನ ಕಾಲದಲ್ಲಿ ಇದೆಲ್ಲ ಇರಲಿಲ್ಲ’ ಎನ್ನುವುದು ಕೆಲವೇ ಜಾತಿಗಳ ನೆನಪು. ದುಡಿದು ತಿನ್ನುವ ಎಷ್ಟೋ ಸಮುದಾಯಗಳಲ್ಲಿ ಮದುವೆ ಬಿಡಿಸುವ ಸೋಡಚೀಟಿಯೂ ಇತ್ತು, ಮರುಮದುವೆಯಾಗುವ ಉಡಿಕೆಯೂ ಇತ್ತು. ಕಾದಂಬರಿ ಬರೆಯುವವರು ಹೆಚ್ಚಾಗಿ ಅವೆರಡೂ ಇಲ್ಲದ ಮನೆಗಳಿಂದ ಬಂದರು, ಹಾಗಾಗಿ ಆ ಮನೆಗಳ ಕತ್ತಲೆಯೇ ಎಲ್ಲರ ಕತ್ತಲೆಯಾಗಿ ಅಚ್ಚಾಯಿತು.

‘ನಾಗಮಂಡಲ’ದ ರಾಣಿ ತಪ್ಪು ಮಾಡಿದಳೇ?

ಗಿರೀಶ ಕಾರ್ನಾಡರ ಈ ನಾಟಕ 1988ರದು. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಎರಡು ಜನಪದ ಕಥೆಗಳನ್ನು ಹೆಣೆದದ್ದು. ಅಪ್ಪಣ್ಣ ಹೆಂಡತಿ ರಾಣಿಯನ್ನು ಮನೆಯೊಳಗಿಟ್ಟು ಬೀಗ ಹಾಕಿ ಹೋಗುತ್ತಾನೆ. ಮಧ್ಯಾಹ್ನ ಬಂದು ಉಂಡು ಮತ್ತೆ ಬೀಗ. ಗಂಡನನ್ನು ಒಲಿಸಲೆಂದು ಕುರುಡವ್ವ ಕೊಟ್ಟ ಬೇರು ಹುತ್ತದ ಪಾಲಾಗುತ್ತದೆ, ಹಾವು ಅಪ್ಪಣ್ಣನ ರೂಪದಲ್ಲಿ ರಾತ್ರಿ ಬರತೊಡಗುತ್ತದೆ. ಹಗಲು ಬೈಯುವ ಗಂಡ, ರಾತ್ರಿ ಮುದ್ದಿಸುವ ಗಂಡ.

ಅವಳಿಗೆ ಗೊತ್ತಿತ್ತೇ? ನಮ್ಮ ಕೂಟ ಇಲ್ಲಿ ಎರಡಾಗಿ ಒಡೆಯಿತು. ಗೊತ್ತಿಲ್ಲದಿದ್ದರೆ ನಿರಪರಾಧಿ, ಗೊತ್ತಿದ್ದರೆ ಹಾದರಗಿತ್ತಿ ಎಂಬ ಲೆಕ್ಕ ಕೆಲವರದು. ನನಗೆ ಕಾಣುವುದು ಬೇರೆ. ಕೇಳಬಾರದ ಪ್ರಶ್ನೆಯನ್ನು ಕೇಳದೆ ಇರಲು ಅವಳು ಕಲಿತಿದ್ದಾಳೆ. ಸಂಸಾರ ಮಾಡಿದ ಯಾವ ಹೆಂಗಸಿಗೂ ಈ ವಿದ್ಯೆ ಹೊಸದಲ್ಲ. ರಾಣಿ ಅದನ್ನು ಮೊದಲ ಬಾರಿಗೆ ತನ್ನ ಸುಖಕ್ಕೆ ಬಳಸಿಕೊಂಡಳು, ಅಷ್ಟೇ. ಪಂಚಾಯಿತಿಯ ಮುಂದೆ ಹಾವನ್ನು ಹಿಡಿದು ಅವಳು ಮಾಡುವ ಆಣೆ ಪ್ರತಿ ಅಕ್ಷರವೂ ಸತ್ಯ. ಊರು ಅವಳನ್ನು ದೇವಿ ಮಾಡುತ್ತದೆ. ಹೆಂಡತಿ ಎಂದು ಮನ್ನಿಸಲಾಗದ ಹೆಣ್ಣನ್ನು ದೇವಿ ಮಾಡುವುದು ನಮಗೆ ಬಹಳ ಸುಲಭ.

ಕಾರ್ನಾಡರು ಕೊನೆಯನ್ನು ಒಂದಕ್ಕೇ ಬಿಡುವುದಿಲ್ಲ. ಒಂದರಲ್ಲಿ ಹಾವು ಸಾಯುತ್ತದೆ, ಇನ್ನೊಂದರಲ್ಲಿ ಅದು ಅವಳ ಜಡೆಯೊಳಗೆ ಸೇರಿ ಉಳಿಯುತ್ತದೆ. ನಾನು ಎರಡನೆಯದರ ಪರ.

ಹಂಬಲ ಎಂದರೆ ಮನೆ ಬಿಡುವುದೇ?

ಅಲ್ಲ. ವೈದೇಹಿಯವರ ಕಥೆಗಳನ್ನು ಓದಿದವರು ಹಾಗೆ ಕೇಳುವುದೇ ಇಲ್ಲ. ಅಮ್ಮಚ್ಚಿಗೆ ಬೇಕಾದದ್ದು ಪೇಟೆಗೆ ಒಂದು ಸುತ್ತು, ಹೊಸ ಮಾದರಿಯ ಒಂದು ರವಿಕೆ. ಮದುವೆಯ ಹೆಸರಿನಲ್ಲಿ ಅವಳ ಮೇಲೆ ಹಕ್ಕು ಚಲಾಯಿಸುವ ವೆಂಕಪ್ಪಯ್ಯನಿಗೆ ಆ ರವಿಕೆಯೇ ಸಾಕಾಗುತ್ತದೆ ಸಿಟ್ಟಿಗೇಳಲು. ‘ಅಕ್ಕು’ ಕಥೆಯಲ್ಲಿ ಗಂಡನಿಲ್ಲದೆ ತವರಿನಲ್ಲಿ ಉಳಿದು, ಹುಚ್ಚಿ ಎನಿಸಿಕೊಂಡ ಹೆಣ್ಣು ಮನೆಯ ಗಂಡಸರ ಗುಟ್ಟುಗಳನ್ನೆಲ್ಲ ಜಗಲಿಗೆ ತರುತ್ತಾಳೆ. ಹುಚ್ಚು ಅವಳಿಗೆ ಸಿಕ್ಕ ಪರವಾನಗಿ. ಈ ಕಥೆಗಳನ್ನು ಆಧರಿಸಿ 2018ರಲ್ಲಿ ಚಂಪಾ ಶೆಟ್ಟಿ ‘ಅಮ್ಮಚ್ಚಿ ಎಂಬ ನೆನಪು’ ಚಿತ್ರವನ್ನು ಮಾಡಿದರು. ಕುಂದಾಪುರದ ಮಾತಿನ ಬನಿ ಬೇಕಾದವರು ಕಥೆಯನ್ನೂ ಓದಬೇಕು, ಚಿತ್ರವನ್ನೂ ನೋಡಬೇಕು.

ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯ ನಾಗವೇಣಿಯ ಕೈಯಲ್ಲಿ ಪಿಟೀಲು ಇದೆ. ಲಚ್ಚನಂಥ ಗಂಡನನ್ನು ಕಟ್ಟಿಕೊಂಡವಳಿಗೆ ಆ ಪಿಟೀಲಿನಷ್ಟೇ ಜಾಗ ತನ್ನದು.

ನಾಯಕಿಯರು ಕೊನೆಗೆ ಸಾಯುವುದೇ ಏಕೆ, ಇಲ್ಲವೇ ಹುಚ್ಚರಾಗುವುದೇಕೆ?

ಫ್ಲಾಬೇರ್‌ನ ಎಮ್ಮಾ ಬೊವಾರಿಗೆ ವಿಷ, ಟಾಲ್‌ಸ್ಟಾಯ್‌ನ ಅನ್ನಾ ಕರೆನಿನಾಳಿಗೆ ರೈಲು, ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ನಾದಿರಾಳಿಗೆ ಮಸೀದಿಯ ಕೊಳ. ‘ಕಾನೂರು ಹೆಗ್ಗಡಿತಿ’ಯ ಸುಬ್ಬಮ್ಮನೂ ಉಳಿಯುವುದಿಲ್ಲ. ಓದುತ್ತಾ ಹೋದಂತೆ ಸಿಟ್ಟು ಬರುವುದು ಸಹಜ, ನನಗೂ ಬಂದಿದೆ. ಎಷ್ಟೋ ಸಲ ಸಾವು ಲೇಖಕರಿಗೆ ಸಿಕ್ಕ ಸುಲಭದ ಹಿತ್ತಿಲ ಬಾಗಿಲು. ನಾಯಕಿಯ ಹಂಬಲದ ಬಗ್ಗೆ ಓದುಗರು ಮರುಗಿದ ಹಾಗೂ ಆಯಿತು, ಊರಿನ ನಿಯಮ ಮುರಿಯದ ಹಾಗೂ ಆಯಿತು.

ಆದರೆ ನಾದಿರಾಳನ್ನು ಈ ಸಾಲಿನಲ್ಲಿ ಕೂರಿಸುವಾಗ ಜೋಪಾನ. ಅವಳಿಗೆ ಗಂಡನ ಮೇಲೆ ಪ್ರೀತಿಯಿತ್ತು. ಮುರಿದದ್ದು ಅಪ್ಪನ ಹಟ. ಮತ್ತೆ ಗಂಡನನ್ನು ಸೇರಬೇಕಾದರೆ ಒಂದು ರಾತ್ರಿ ಇನ್ನೊಬ್ಬನ ಹೆಂಡತಿಯಾಗಬೇಕೆಂದಾಗ ಅವಳು ಕೊಳದ ಕಡೆ ನಡೆಯುತ್ತಾಳೆ. ಕೂಡಿಸುವುದೂ ಬಿಡಿಸುವುದೂ ಬೇರೆಯವರ ಕೈಯಲ್ಲಿರುವಾಗ ‘ಬೇಡ’ ಎನ್ನಲು ಅವಳಿಗೆ ಉಳಿದ ಮಾತು ಅದೊಂದೇ.

ಹುಚ್ಚಿನ ಮಟ್ಟಿಗೆ ತ್ರಿವೇಣಿಯವರ ‘ಶರಪಂಜರ’ವನ್ನು ಮೀರಿಸಿದ್ದಿಲ್ಲ. ಬಾಣಂತನದ ನಂತರ ಕಾವೇರಿಯ ಮನಸ್ಸು ಕೆಡುತ್ತದೆ, ಆಸ್ಪತ್ರೆಯಲ್ಲಿ ವಾಸಿಯಾಗುತ್ತದೆ. ವಾಸಿಯಾಗದೆ ಉಳಿಯುವುದು ಮನೆ. ಅವಳು ಜೋರಾಗಿ ನಕ್ಕರೂ ಅನುಮಾನ, ಸುಮ್ಮನಿದ್ದರೂ ಅನುಮಾನ, ಗಂಡನ ಮನಸ್ಸು ಬೇರೆ ಕಡೆ. ಬೆಂಗಳೂರಿನಲ್ಲಿ ಒಂದು ಸಂಜೆ ಪುಟ್ಟಣ್ಣ ಕಣಗಾಲರ ಚಿತ್ರವನ್ನು ಮತ್ತೆ ನೋಡಿದಾಗ ಕಲ್ಪನಾ ಅಭಿನಯದ ಅಬ್ಬರದೊಳಗೆ ಕಾದಂಬರಿಯ ಆ ತಣ್ಣನೆಯ ಕ್ರೌರ್ಯ ಸ್ವಲ್ಪ ಮರೆಯಾದಂತೆ ಕಂಡಿತು. ತ್ರಿವೇಣಿ 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ, 35 ತುಂಬುವ ಮೊದಲೇ ತೀರಿಕೊಂಡರು.

ಎಲ್ಲ ಗಂಡಂದಿರೂ ಕೆಟ್ಟವರೇ?

ಇಲ್ಲ. ಮಾಸ್ತಿಯವರ ವೆಂಕಟಿಗ ಬಿಟ್ಟುಹೋದ ಹೆಂಡತಿ ಮರಳಿ ಬಂದಾಗ ಒಂದು ಮಾತೂ ಆಡದಷ್ಟು ದೊಡ್ಡವನು. ‘ಓವೋ, ಕಾಲಪುರುಷಂಗೆ ಗುಣಮಣಮಿಲ್ಲಂ ಗಡ’ ಎಂಬ ‘ಶ್ರೀರಾಮಾಶ್ವಮೇಧ’ದ ಮಾತಿಗೆ ಮನಸೋತವರಿಗೆ ಮುದ್ದಣ ಮನೋರಮೆಯರ ಸರಸ ಗೊತ್ತೇ ಇದೆ. ಕನ್ನಡದ ಅತ್ಯಂತ ಸುಖೀ ದಂಪತಿಗಳನ್ನು ಬರೆದ ಮುದ್ದಣನ ಊರು ನಂದಳಿಕೆ. ಸಿರಿ ಜಾತ್ರೆಗೆ ಹೆಸರಾದ ಊರೂ ನಂದಳಿಕೆಯೇ.

ಎಲ್ಲಿಂದ ಓದಲು ಶುರು ಮಾಡಲಿ?

‘ಅಕ್ಕು’ವಿನಿಂದ. ಒಂದೇ ಕೂರಿಕೆಗೆ ಮುಗಿಯುತ್ತದೆ, ತಿಂಗಳುಗಟ್ಟಲೆ ಬಿಡುವುದಿಲ್ಲ. ಆಮೇಲೆ ‘ಎದೆಯ ಹಣತೆ’, ‘ಶರಪಂಜರ’. ‘ನಾಗಮಂಡಲ’ವನ್ನು ಇಬ್ಬರು ಮೂವರು ಸೇರಿ ಗಟ್ಟಿಯಾಗಿ ಓದಿ.

ಇಂಥ ಪುಸ್ತಕ ಓದಿದರೆ ಸಂಸಾರ ಹಾಳಾಗುತ್ತದೆ ಎನ್ನುತ್ತಾರೆ ನಮ್ಮ ಅತ್ತೆ. ಏನು ಹೇಳಲಿ?

ಅತ್ತೆಯವರಿಗೆ ಒಂದು ಕಥೆ ಹೇಳಿ. ‘ನಾಗಮಂಡಲ’ದ ಹೊರಚೌಕಟ್ಟಿಗೆ ಆಧಾರವಾದ, ರಾಮಾನುಜನ್ ಸಂಗ್ರಹಿಸಿದ ಕನ್ನಡದ್ದೇ ಕಥೆ ಅದು. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು. ಯಾರಿಗೂ ಹೇಳಲಿಲ್ಲ. ಒಳಗೇ ಕೂತು ಬೇಸತ್ತ ಅವೆರಡೂ ಒಂದು ದಿನ ಅವಳು ಬಾಯಿ ತೆರೆದು ಮಲಗಿದ್ದಾಗ ಹೊರಬಿದ್ದವು. ಕಥೆ ಗಂಡಸಿನ ಜೋಡಾಗಿ ಬಾಗಿಲಲ್ಲಿ ಕೂತಿತು, ಹಾಡು ಅಂಗಿಯಾಗಿ ಗೂಟದ ಮೇಲೆ ತೂಗಿತು. ಗಂಡ ಬಂದು ‘ಯಾರು ಬಂದಿದ್ದರು?’ ಎಂದ. ‘ಯಾರೂ ಇಲ್ಲ’ ಎಂದಳು. ಜಗಳ ಹತ್ತಿತು. ಅವನು ಕಂಬಳಿ ಹೊದ್ದು ಹನುಮಂತನ ಗುಡಿಗೆ ಮಲಗಲು ಹೋದ.

ರಾತ್ರಿ ಊರಿನ ದೀಪಗಳೆಲ್ಲ ಆರಿದ ಮೇಲೆ ಜ್ವಾಲೆಗಳು ಆ ಗುಡಿಯಲ್ಲಿ ಸೇರಿ ಮಾತಾಡುತ್ತಿದ್ದವು. ಆ ದಿನ ಒಂದು ಜ್ವಾಲೆ ತಡವಾಗಿ ಬಂದಿತು. ಏಕೆಂದು ಉಳಿದವು ಕೇಳಿದವು. ‘ನಮ್ಮ ಮನೆಯಲ್ಲಿ ಗಂಡ ಹೆಂಡಿರ ಜಗಳ, ದೀಪ ಆರಿಸಲು ಹೊತ್ತಾಯಿತು’ ಎಂದು ಅದು ಜೋಡಿನ ಕಥೆ, ಅಂಗಿಯ ಕಥೆ ಎಲ್ಲ ಹೇಳಿತು. ಕಂಬಳಿಯೊಳಗಿದ್ದ ಗಂಡ ಕೇಳಿಸಿಕೊಂಡ. ಅವನ ಅನುಮಾನ ಹೋಯಿತು. ಬೆಳಗಾಗುತ್ತಲೇ ಮನೆಗೆ ಓಡಿ ಬಂದು, ನಿನಗೆ ಗೊತ್ತಿದ್ದ ಆ ಕಥೆ ಯಾವುದು, ಆ ಹಾಡು ಯಾವುದು ಎಂದು ಕೇಳಿದ.

ಅವಳಿಗೆ ಮರೆತುಹೋಗಿತ್ತು. ‘ಯಾವ ಕಥೆ? ಯಾವ ಹಾಡು?’ ಎಂದಳು.